ಚೈನಾ ಜಟ್ಟಪ್ಪನ ಮನೆಯ ಎರಡನೇ ಎಡೆ

ಮಹಾಲಯ ಅಮಾವಾಸ್ಯೆಯ ದಿನ ಜಟ್ಟಪ್ಪನ ಮನೆಯ ಮಾಡಿನ ಮೇಲಿಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಎರಡು ಸಾವಿರದ ಏಳನೇ ಇಸವಿ. ಅವನು ಚೀನಾ ದೇಶದಿಂದ ಭದ್ರಾವತಿಗೆ ವಾಪಸು ಬಂದ ವರ್ಷ ಅದು.

ಜನ್ನಾಪುರದಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ಹಾಗಾಗಿ ಆವತ್ತು ಆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ. ಜಟ್ಟಪ್ಪನ ಹೆಂಡತಿ ಚಿನ್ನಮ್ಮ ನಸುಕಿಗೇ ಎದ್ದು ಮನೆ ಸಾರಿಸಿ, ತೀರಿಕೊಂಡ ಅತ್ತೆ ಹಾಲಮ್ಮನಿಗೆ ಇಷ್ಟವೆಂದು ಕಡುಬು, ಕೋಳಿಸಾರು, ಕೆಸುವಿನ ಸೊಪ್ಪಿನ ಗೊಜ್ಜು ಮಾಡಿದ್ದಳು. ಹೊಸ ಸೀರೆ ಮಡಚಿ ಕಳಸದ ಪಕ್ಕ ಇಟ್ಟರು. ಲೋಬಾನದ ಹೊಗೆ ಹಾಕಿದರು. "ಬಾರವ್ವ, ಉಣ್ಣವ್ವ" ಎಂದು ಕರೆದು, ಸತ್ತವರು ನಾಚಿಕೆಯಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಂದಕ್ಕೆಳೆದುಕೊಂಡು ಎಲ್ಲರೂ ಅಂಗಳದಲ್ಲಿ ಕೂತರು. ಮಾಡಿನ ಮೇಲೆ ಕಾಗೆಗೆಂದು ಇನ್ನೊಂದು ಎಲೆ ಇಟ್ಟಿದ್ದರು. ಕಾಗೆ ಮುಟ್ಟಿದರೆ ಹಾಲಮ್ಮ ಉಂಡಳು ಎಂದು ಅರ್ಥ. ಅಲ್ಲಿಯವರೆಗೆ ಮನೆಯವರ ಬಾಯಿಗೆ ಅಗುಳು ಹೋಗುವಂತಿಲ್ಲ.

ನಮ್ಮ ಮನೆಯ ಎಲೆಯ ಮೇಲೆ ಕಾಗೆಗಳು ಕಿತ್ತಾಡಿಕೊಂಡು ತಿಂದವು. ತಿಂದು, ಕೊಕ್ಕನ್ನು ಗೋಡೆಗೆ ಉಜ್ಜಿಕೊಂಡು, ಅದರಲ್ಲೊಂದು ಜಟ್ಟಪ್ಪನ ಮಾಡಿಗೆ ಹಾರಿತು. ಎಲೆಯ ಸುತ್ತ ಕುಪ್ಪಳಿಸಿತು. ಕತ್ತು ಓರೆ ಮಾಡಿ ಕೆಳಗೆ, ಮುಚ್ಚಿದ ಬಾಗಿಲ ಕಡೆ ನೋಡಿತು. ಅಲ್ಲಿ ಯಾರೋ ನಿಂತಿದ್ದಾರೆ ಅನ್ನುವ ಹಾಗೆ ಸರ್ರನೆ ಹಾರಿಹೋಯಿತು. ಮತ್ತೆ ಬರಲಿಲ್ಲ. ದೀಪ ಹಚ್ಚುವ ಹೊತ್ತಾದರೂ ಆ ಮನೆಯವರು ಹಸಿದುಕೊಂಡೇ ಕೂತಿದ್ದರು.

ಜಟ್ಟಪ್ಪನ ಅಕ್ಕ ಹೂವಮ್ಮ ಸೋಗಾನೆಯಿಂದ ಬಂದಿದ್ದಳು. ಕೂಲಿನಾಲಿ ಮಾಡಿ ಗಟ್ಟಿಯಾದ ಹೆಂಗಸು, ನಾಲಗೆಯೂ ಗಟ್ಟಿ. ಸೆರಗು ಝಾಡಿಸಿ ಎದ್ದವಳು ತಮ್ಮನ ಮುಖಕ್ಕೇ ಹೇಳಿದಳು. "ಅವ್ವನ ಗುಂಡಿಗೆ ಒಂದು ಹಿಡಿ ಮಣ್ಣು ಹಾಕ್ಲಿಲ್ಲ ನೀನು. ಈಗ ಕೋಳಿ ಕುಯ್ದು ಕರೆದ್ರೆ ಬಂದ್ಬಿಡ್ತಾಳಾ?"

ಜಟ್ಟಪ್ಪನ ಕಣ್ಣು ಅಕ್ಕನ ಮೇಲಿರಲಿಲ್ಲ, ಬಾಗಿಲ ಮೇಲಿತ್ತು.

ಅವನು ಅಡುಗೆಯವನು. ತೊಂಬತ್ತರ ದಶಕದಲ್ಲಿ ಇಲ್ಲಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಗುತ್ತಿಗೆಯ ಮೇಲೆ ಬೇಯಿಸುತ್ತಿದ್ದ. ಹಂಡೆಗಟ್ಟಲೆ ಸಾರು ಕುದಿಸಿದರೂ ಉಪ್ಪು ಒಂದು ಕಲ್ಲು ಹೆಚ್ಚೂ ಇಲ್ಲ, ಒಂದು ಕಲ್ಲು ಕಮ್ಮಿಯೂ ಇಲ್ಲ, ಅಂಥ ಕೈ. ಕೆಲಸಗಾರರು ಕಮ್ಮಿಯಾಗುತ್ತ ಬಂದ ಹಾಗೆ ಹಂಡೆಯೂ ಸಣ್ಣದಾಗುತ್ತ ಬಂತು. ಕೊನೆಗೆ ಗುತ್ತಿಗೆಯೂ ಮುಗಿಯಿತು. ಮದುವೆ ಮನೆ, ತಿಥಿ ಮನೆ ಎಂದು ಸೌಟು ಹೆಗಲಿಗೇರಿಸಿಕೊಂಡು ಅಲೆಯುತ್ತಿದ್ದಾಗ ಶಿವಮೊಗ್ಗದ ವಿನೋಬನಗರದ ಕಾಂತರಾಜ್ ಎಂಬವನು ಸಿಕ್ಕಿದ. ನಮ್ಮ ಕಡೆಯ ಹುಡುಗರು ಡಾಕ್ಟರಿಕೆ ಓದಲು ಚೀನಾಕ್ಕೆ ಹೋಗಲು ಶುರುಮಾಡಿದ ಕಾಲ ಅದು. ಅಲ್ಲಿ ಫೀಸು ಕಮ್ಮಿ. ಆದರೆ ಹೊಟ್ಟೆ ಇಲ್ಲಿಯದೇ ತಾನೆ? ಅವರಿಗೆಂದು ಅಲ್ಲಿ ಮೆಸ್ಸು ಇಟ್ಟಿದ್ದ ಕಾಂತರಾಜನಿಗೆ ಕೈ ಪಳಗಿದ ಅಡುಗೆಯವನು ಬೇಕಾಗಿತ್ತು.

"ಹೋಗಿ ಬರ್ತೀನಿ ಕಣವ್ವ" ಎಂದು ಜಟ್ಟಪ್ಪ ತಾಯಿಯ ಕಾಲಿಗೆ ಬಿದ್ದಾಗ ಹಾಲಮ್ಮ ಕೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. "ಅಲ್ಲಿ ಹೊಳೆ ಐತೇನೋ?"

"ಐತಂತೆ ಕಣವ್ವ. ನಮ್ಮ ಭದ್ರೆಗಿಂತ ದೊಡ್ಡದಂತೆ."

"ಹಂಗಾರೆ ಸರಿ. ಹೊಳೆ ಇದ್ದೂರಲ್ಲಿ ಹೆಂಗೋ ಬದುಕ್ಬೋದು."

ಊರಿನ ಹೆಸರು ಯೀಚಾಂಗ್. ಚೀನಾದ ಭೂಪಟವನ್ನು ಮಡಿಸಿ ಬಿಚ್ಚಿದರೆ ಮಡಿಕೆ ಬೀಳುವ ಹೊಟ್ಟೆಯ ಜಾಗದಲ್ಲಿದೆ. ಸಮುದ್ರದ ಗಾಳಿಯೇ ತಾಗದ ಒಳನಾಡು. ಯಾಂಗ್ಟ್ಸಿ ಹೊಳೆ ಊರನ್ನು ಸವರಿಕೊಂಡು ಹರಿಯುತ್ತದೆ. ಊರ ತಲೆಯ ಮೇಲೇ ಒಂದು ಅಣೆಕಟ್ಟು. "ನಮ್ಮ ಲಕ್ಕವಳ್ಳಿ ಡ್ಯಾಮನ್ನ ಪೇಟೆ ಮಧ್ಯೆ ತಂದಿಟ್ಟಂಗೆ" ಎನ್ನುತ್ತಿದ್ದ ಜಟ್ಟಪ್ಪ.

ಕಾಂತರಾಜ್ ಸಂಬಳ ಕೊಟ್ಟ, ಊಟ ಕೊಟ್ಟ, ವೀಸಾದ ಕಾಗದಪತ್ರ ಮಾಡಿಸಿಕೊಟ್ಟ. ಮಲಗುವ ಜಾಗ ಮಾತ್ರ ಅವರವರ ಪಾಡು. ಮೊದಲು ಮೆಸ್ಸಿನಲ್ಲೇ ಅಕ್ಕಿ ಮೂಟೆಗಳ ಮೇಲೆ ಮಲಗುತ್ತಿದ್ದ. ಪರದೇಶದವನು ಎಲ್ಲಿ ಮಲಗುತ್ತಾನೆ ಎಂಬುದನ್ನು ಆ ದೇಶದಲ್ಲಿ ಪೊಲೀಸು ಠಾಣೆಯಲ್ಲಿ ಬರೆಸಬೇಕು; ಅಕ್ಕಿ ಮೂಟೆ ವಿಳಾಸವಾಗುವುದಿಲ್ಲ. ಸರಿ, ಕೋಣೆ ಹುಡುಕಲು ಹೊರಟರು. ಹೊಸ ಕಟ್ಟಡಗಳ ಬಾಡಿಗೆ ಕೇಳಿದರೆ ಊರಿಗೆ ಕಳಿಸಲು ಕವಡೆಯೂ ಉಳಿಯುವುದಿಲ್ಲ. ಕೊನೆಗೆ ಹೊಳೆಯ ದಂಡೆಯಲ್ಲಿ, ಇಂದೋ ನಾಳೆಯೋ ಕೆಡವುತ್ತಾರೆ ಅನ್ನುವಂಥ ಹಳೆಯ ಕಟ್ಟಡದಲ್ಲಿ ಚೆನ್ ಎಂಬ ಯಜಮಾನ ಒಂದು ಕೋಣೆ ತೋರಿಸಿದ. ಒಂದು ಮಂಚ, ಒಂದು ಕಿಟಕಿ, ಗೋಡೆಯಲ್ಲೊಂದು ಹಲಗೆ. ಹಲಗೆಯ ಮೇಲೆ ಒಬ್ಬ ಮುದುಕಿಯ ಫೋಟೋ, ಮುಂದೆ ಊದಿನಕಡ್ಡಿ ಸಿಕ್ಕಿಸುವ ಬೂದಿಯ ಬಟ್ಟಲು, ಎರಡು ಒಣಗಿದ ಕಿತ್ತಳೆ ಹಣ್ಣು.

ಚೆನ್ ಹೇಳಿದ್ದನ್ನು ಕಾಂತರಾಜ್ ಬಿಡಿಸಿ ಹೇಳಿದ. "ಕೇಳು ಮಾರಾಯ. ಬಾಡಿಗೆ ಅರ್ಧಕ್ಕರ್ಧ ಕಮ್ಮಿ. ಆದ್ರೆ ಅವ್ರವ್ವನ ಫೋಟೋ ತೆಗೀಬಾರ್ದಂತೆ. ದಿನಾ ಊದಿನಕಡ್ಡಿ ಹಚ್ಚಬೇಕಂತೆ."

"ಅಷ್ಟೇ ತಾನೆ?"

"ಅಷ್ಟೇ ಅಲ್ಲ. ಆ ಮುದುಕಿ ಪ್ರಾಣ ಬಿಟ್ಟಿದ್ದು ಇದೇ ಮಂಚದ ಮೇಲೆ. ಒಬ್ಬಳೇ ಇದ್ದಳಂತೆ. ಯಾರಿಗೂ ಗೊತ್ತಾಗದೆ ಬಾಗಿಲು ಒಡೆದು ನೋಡೋ ಹೊತ್ತಿಗೆ ತಡವಾಗಿತ್ತಂತೆ. ಈ ಊರೋರು ಯಾರೂ ಈ ಕೋಣೆಗೆ ಬರಲ್ಲ. ಅದಕ್ಕೇ ಇಷ್ಟು ಸೋವಿ."

"ಮನೇಲಿ ಇರೋರು ಮನೇಲಿ ಸಾಯದೆ ಸಂತೇಲಿ ಸಾಯ್ತಾರಾ?" ಎಂದ ಜಟ್ಟಪ್ಪ. "ಊದಿನಕಡ್ಡಿ ನಮ್ಮನೇಲೂ ದಿನಾ ಹಚ್ಚೋದೇ. ಹ್ಞೂಂ ಅನ್ನು."

ಹೀಗೆ ಕೋಣೆ ಸೋವಿಯಾಯಿತು. ಕೋಣೆ ಸೋವಿಯಾದ ಮೇಲೆ ಬದುಕೂ ಸೋವಿಯಾಯಿತು. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋದರೆ ಮೂಲಂಗಿ, ಕೋಸು ಬಂದಷ್ಟು ಬೆಲೆಗೆ ಕೊಡುತ್ತಿದ್ದರು. ಭಾಷೆ ಬೇಕಿಲ್ಲ, ಅಲ್ಲಿಯವರು ಒಂದೇ ಕೈಯಲ್ಲಿ ಹತ್ತರವರೆಗೂ ತೋರಿಸುತ್ತಾರೆ. ಹೆಬ್ಬೆರಳು ಕಿರುಬೆರಳು ಚಾಚಿದರೆ ಆರು. ಇದನ್ನು ಕಲಿತ ಮೇಲೆ ಅವನಿಗೆ ಯಾವ ತರಕಾರಿಯವಳೂ ಮೋಸ ಮಾಡಲಿಲ್ಲ. ಬಿಸಿನೀರು ಕಾಯಿಸುವ ಅಂಗಡಿಯಿಂದ ಫ್ಲಾಸ್ಕು ತುಂಬಿಸಿಕೊಂಡರೆ ಇಡೀ ಸಂಜೆಗಾಯಿತು. ಚಳಿಗೆ ಹಳೆಯ ಹತ್ತಿಕೋಟು. ಬೆಂಕಿಗೆ ಜೇನುಹುಟ್ಟಿನ ಹಾಗೆ ತೂತು ತೂತಿರುವ ಕಲ್ಲಿದ್ದಲ ಬಿಲ್ಲೆ. ಮೋಜು ಬೇಕೆಂದರೆ ಹೊಳೆ ದಾಟಿಸುವ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಅದೇ ದೋಣಿಯಲ್ಲಿ ಈಚೆ ದಡಕ್ಕೆ ಬರುವುದು. ದಂಡೆಯ ಮೆಟ್ಟಿಲ ಮೇಲೆ ಕೂತ ಮುದುಕರ ಜೊತೆ ಮಾತಿಲ್ಲದೆ ಕೂತುಕೊಳ್ಳುವುದು. ಆ ಊರು ಕಿತ್ತಳೆಯ ಊರು. ಸಿಪ್ಪೆಯನ್ನೂ ಬಿಸಾಡದೆ ಕಿಟಕಿಯಲ್ಲಿ ಒಣಗಿಸಿ ಕುದಿಸಿ ಕುಡಿಯುತ್ತಾರೆ. ಎಲ್ಲ ಓಣಿಯಲ್ಲೂ ಒಣಸಿಪ್ಪೆಯ ವಾಸನೆ.

ಚೆನ್ ಆಗಾಗ ಬಂದು ತಾಯಿಯ ಮುಂದೆ ಹಣ್ಣು ಇಟ್ಟು ಹೋಗುತ್ತಿದ್ದ. ಒಮ್ಮೆ ಅನ್ನ ತುಂಬಿದ ಬಟ್ಟಲಿಗೆ ಅವರು ಉಣ್ಣುವ ಎರಡು ಕಡ್ಡಿ ನೆಟ್ಟಗೆ ಸಿಕ್ಕಿಸಿ ಇಟ್ಟ. ಸತ್ತವರಿಗೆ ಮಾತ್ರ ಹಾಗೆ ಇಡುವುದಂತೆ. ತನ್ನ ಬಾಯಿ ತೆರೆದು ಬೆರಳಿನಿಂದ ವಸಡು ತೋರಿಸಿ, ಕೈಯನ್ನು ನಿಧಾನವಾಗಿ ಬಾಯಿಗೆ ತಂದು ತಂದು ತೋರಿಸಿದ: ಅವ್ವನಿಗೆ ಹಲ್ಲಿರಲಿಲ್ಲ, ಒಂದು ಬಟ್ಟಲು ಉಣ್ಣಲು ಬಹಳ ಹೊತ್ತು ಹಿಡಿಯುತ್ತಿತ್ತು. ತೋರಿಸಿ ನಕ್ಕ. ನಕ್ಕವನು ಕಣ್ಣು ಒರೆಸಿಕೊಂಡ.

ಮರುವರ್ಷದ ಚಳಿಗಾಲದಲ್ಲಿ ಹಾಲಮ್ಮ ತೀರಿಕೊಂಡಳು. ಅಲ್ಲಿಗೆ ಫೋನು ಮಾಡಿದವನು ನಾನು. ಅವನು ಎಷ್ಟು ಓಡಿ ಬಂದರೂ ದಾರಿಯಲ್ಲೇ ಮೂರು ದಿನ ಕಳೆಯುತ್ತಿತ್ತು, ಹೆಣ ಕಾಯುವುದಿಲ್ಲ. ಹೂವಮ್ಮನ ಗಂಡ ಮುಂದೆ ನಿಂತು ಮಣ್ಣು ಮಾಡಿಸಿದ. ಇದ್ದೊಬ್ಬ ಮಗ ಹೊಳೆಯ ದಂಡೆಯ ಕೋಣೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದ.

ಹನ್ನೊಂದನೇ ದಿನ ಇಲ್ಲಿ ಎಡೆ ಇಡುವಾಗ ಅಲ್ಲಿ ಅವನೂ ಅನ್ನ, ಸಾರು ಮಾಡಿದ. ಎಲ್ಲಿಡಬೇಕು? ತಾಯಿಯ ಫೋಟೋ ಎಂಬುದೇ ಇರಲಿಲ್ಲ. ಹೂವಮ್ಮನ ಮದುವೆಯ ಗುಂಪಿನ ಫೋಟೋದಲ್ಲಿ ಹಾಲಮ್ಮ ಯಾರನ್ನೋ ಕರೆಯುತ್ತ ಆಚೆ ತಿರುಗಿದ್ದಳು. ಬರೀ ತುರುಬು ಬಿದ್ದಿತ್ತು. ವೋಟಿನ ಕಾರ್ಡಿನಲ್ಲಿ ಇದ್ದದ್ದು ಒಂದು ಇದ್ದಿಲ ಮುದ್ದೆ, ಚುನಾವಣೆಯ ದಿನ ಏಜೆಂಟನೇ "ಇದು ನೀನೇನಜ್ಜಿ?" ಎಂದು ಕೇಳಿದ್ದಕ್ಕೆ "ನಿಮ್ಮಪ್ಪ ಇರ್ಬೇಕು ನೋಡು" ಎಂದು ಬೈದು ವೋಟು ಹಾಕಿ ಬಂದಿದ್ದಳು. ಜಟ್ಟಪ್ಪ ಕೋಣೆಯಲ್ಲಿ ಸುತ್ತ ನೋಡಿದ. ಹಲಗೆಯ ಮೇಲೆ ಊದಿನಕಡ್ಡಿ ಆಗಲೇ ಉರಿಯುತ್ತಿತ್ತು. ಅದರ ಮುಂದೆಯೇ ತಟ್ಟೆ ಇಟ್ಟ. ಕಣ್ಣು ಮುಚ್ಚಿ "ಬಾರವ್ವ, ಉಣ್ಣವ್ವ" ಎಂದ. ಅಭ್ಯಾಸದಂತೆ ಬಾಗಿಲು ಮುಂದಕ್ಕೆಳೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತ.

ಒಳಗೆ ಬಂದು ನೋಡಿದರೆ ಅನ್ನದ ಗುಡ್ಡೆ ಒಂದು ಬದಿಗೆ ಸ್ವಲ್ಪ ಕುಸಿದಿತ್ತು. ಆ ಕಟ್ಟಡದಲ್ಲಿ ಇಲಿಗಳಿಗೇನೂ ಬರವಿರಲಿಲ್ಲ. ಆದರೂ ಅವನ ಎದೆಯ ಭಾರ ಅರ್ಧ ಇಳಿಯಿತು. ಯಾರೋ ಉಂಡರು. ಅಷ್ಟು ಸಾಕಾಗಿತ್ತು ಅವನಿಗೆ.

ಆಮೇಲೆ ಪ್ರತಿ ಅಮಾವಾಸ್ಯೆಗೂ ಎಡೆ ಇಟ್ಟ. ದಿನಾ ಮೆಸ್ಸಿನಿಂದ ಬಂದು ಆ ಮುಖದ ಮುಂದೆ ಕೂತು ಮಾತಾಡಿದ. ಇವತ್ತು ಇಡ್ಲಿ ಕಲ್ಲಾಯಿತು ಅವ್ವ. ಒಬ್ಬಳು ಹುಡುಗಿ ಸಾರು ಕುಡಿದು ಅತ್ತಳು ಅವ್ವ. ಕೋಣೆಯಲ್ಲಿ ಒಬ್ಬನೇ ಇದ್ದೇನೆ ಎನ್ನಿಸುತ್ತಿರಲಿಲ್ಲ. ಅವನು ಕೆಮ್ಮಿದರೆ ಇನ್ನೊಂದು ಕೆಮ್ಮು ಗೋಡೆಯ ಆಚೆಯಿಂದಲೋ ಈಚೆಯಿಂದಲೋ ಕೇಳುತ್ತಿತ್ತು. ಹೆದರಿಕೆಯಾಗಲಿಲ್ಲ. ಹೆದರಿಕೆ ಆದದ್ದು ಬೇರೆಯದಕ್ಕೆ. ಒಂದು ದಿನ ಒಲೆಯ ಮುಂದೆ ನಿಂತಿದ್ದಾಗ ತಾಯಿಯನ್ನು ನೆನೆದುಕೊಂಡ. ಮುಖ ಬರಲಿಲ್ಲ. ಬಳೆಯ ಸದ್ದು ಬಂತು, ಸೀರೆಯ ಅಂಚು ಬಂತು, ಮುಖ ಬರಬೇಕಾದ ಜಾಗದಲ್ಲಿ ಆ ಫೋಟೋದ ಮುಖ ಬಂತು. ಹಿಂದಕ್ಕೆಳೆದು ಕಟ್ಟಿದ ಕೂದಲು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿ, ಬಲಗಣ್ಣಿಗಿಂತ ಚೂರು ಸಣ್ಣದಾದ ಎಡಗಣ್ಣು. ತಲೆ ಕೊಡವಿಕೊಂಡ, ಮುಖಕ್ಕೆ ತಣ್ಣೀರು ಹಾಕಿಕೊಂಡ. ಮತ್ತೆ ನೆನೆದರೆ ಮತ್ತೆ ಅದೇ ಮುಖ.

ಎರಡು ಸಾವಿರದ ಏಳರ ಬೇಸಗೆಯಲ್ಲಿ ಕಟ್ಟಡ ಕೆಡವುವ ದಿನ ಗೊತ್ತಾಯಿತು. ಕಾಂತರಾಜನೂ ಮೆಸ್ಸನ್ನು ಬೇರೆಯವರಿಗೆ ವಹಿಸುವವನಿದ್ದ. ಜಟ್ಟಪ್ಪ ಗಂಟುಮೂಟೆ ಕಟ್ಟಿ, ಕಡೆಯ ಸಲ ಊದಿನಕಡ್ಡಿ ಹಚ್ಚಿ, ಹೊಸಿಲ ಮೇಲೆ ನಿಂತು ತಿರುಗಿ ನೋಡಿದ. ಫೋಟೋ ನೋಡುತ್ತಲೇ ಇತ್ತು. ನಮ್ಮ ಕಡೆಯ ಮರ್ಯಾದೆ ಬಾಯಿಂದ ತಾನಾಗಿ ಬಂತು. "ಬರ್ತೀನಿ ಕಣವ್ವ. ನೀನೂ ನಮ್ಮೂರಿಗೆ ಬಾ."

ನೋಡಿ, ತಪ್ಪಾದದ್ದು ಅಲ್ಲಿ. ಬದುಕಿರುವವರ ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎನ್ನಬಾರದು, 'ಬರ್ತೀನಿ' ಎನ್ನಬೇಕು. ನೀವೂ ಬನ್ನಿ ಎಂದು ಕರೆಯಬೇಕು. ಸತ್ತವರ ಮನೆಯಿಂದ ಹೊರಡುವಾಗ ಆ ಎರಡು ಮಾತೂ ಆಡುವಂತಿಲ್ಲ. ಸುಮ್ಮನೆ ಎದ್ದು ಬರಬೇಕು. ಮಕ್ಕಳಿಗೂ ಗೊತ್ತಿರುವ ಕಟ್ಟಳೆ. ಅದು ಸಾವಿನ ಕೋಣೆ ಎಂಬುದನ್ನು ಜಟ್ಟಪ್ಪ ಯಾವಾಗಲೋ ಮರೆತುಬಿಟ್ಟಿದ್ದ.

ಇದನ್ನೆಲ್ಲ ಅವನು ಆಗ ಯಾರಿಗೂ ಹೇಳಲಿಲ್ಲ. ಬಂದವನು ಬಿ.ಎಚ್. ರಸ್ತೆಯಲ್ಲಿ ತಳ್ಳುಗಾಡಿ ಇಟ್ಟ. ಜನ ಅವನನ್ನು ಚೈನಾ ಜಟ್ಟಪ್ಪ ಎಂದು ಕರೆಯತೊಡಗಿದರು.

"ಒಂದ್ ಪ್ಲೇಟ್ ಗೋಬಿ ಮಂಚೂರಿ ಹಾಕು ಚೈನಾ."

"ಇಡ್ಲಿ ಐತೆ, ಚಿತ್ರಾನ್ನ ಐತೆ. ಗೋಬಿ ಮಂಚೂರಿ ಆ ದೇಶದಲ್ಲಿ ಎಲ್ಲೂ ಇಲ್ಲ ಮಾರಾಯ."

"ಚೈನಾಕ್ಕೆ ಹೋಗಿ ಚಿತ್ರಾನ್ನ ಕಲ್ತು ಬಂದ್ಯಾ? ಅದ್ಕೆ ಹೊಳೆಹೊನ್ನೂರು ಬಸ್ಸೇ ಸಾಕಾಗಿತ್ತಲ್ಲೋ!"

ಜನ ನಗುತ್ತಿದ್ದರು, ಅವನೂ ನಗುತ್ತಿದ್ದ. ಸಂಜೆ ಮನೆಗೆ ಬಂದರೆ ನಗು ಬಾಗಿಲ ಹೊರಗೇ ಉಳಿಯುತ್ತಿತ್ತು. ಮನೆಯಲ್ಲಿ ಹಣ್ಣೇ ಇಲ್ಲದಿದ್ದರೂ ಒಣಗಿದ ಕಿತ್ತಳೆ ಸಿಪ್ಪೆಯ ವಾಸನೆ. ಅಲ್ಲಿಂದ ತಂದಿದ್ದ ಫ್ಲಾಸ್ಕಿನ ಮುಚ್ಚಳ ಬೆಳಗಾಗುವುದರೊಳಗೆ ತೆರೆದಿರುತ್ತಿತ್ತು. ಚಿನ್ನಮ್ಮ ಒಂದು ಮಧ್ಯಾಹ್ನ ಗೋಡೆಯ ಹತ್ತಿರ ಬಂದು ನನ್ನ ಹೆಂಡತಿಗೆ ಹೇಳಿದ್ದು ನನಗೂ ಕೇಳಿಸಿತು. "ಯಾರೋ ಹೊಸಿಲ ಹತ್ರ ನಿಂತಂಗಾಗುತ್ತೆ ಅಕ್ಕ. ಒಳಗೂ ಬರಲ್ಲ, ಹೋಗೋದೂ ಇಲ್ಲ. ಎದ್ದು ನೋಡಿದ್ರೆ ಏನಿಲ್ಲ. ಇವ್ರನ್ನ ಕೇಳಿದ್ರೆ ಮುಖ ತಿರುಗಿಸ್ಕೊಂಡು ಮಲಗ್ತಾರೆ."

ಆಮೇಲೆ ಬಂದದ್ದೇ ನಾನು ಮೊದಲು ಹೇಳಿದ ಆ ಮಹಾಲಯ. ಕಾಗೆ ಮುಟ್ಟಲಿಲ್ಲ. ಹೂವಮ್ಮ ಅಂದ ಮಾತು ಮುಳ್ಳಿನ ಹಾಗೆ ನಾಟಿತು. ಮರುವರ್ಷವೂ ಮುಟ್ಟಲಿಲ್ಲ. ಹಳೆ ನಗರದ ಶಾಸ್ತ್ರಿಗಳು, ಕೂಡಲಿಗೆ ಹೋಗಿ ತುಂಗೆ ಭದ್ರೆ ಸೇರುವಲ್ಲಿ ಪಿಂಡ ಇಟ್ಟು ಬಾ ಎಂದರು. ಜೊತೆಗೆ ನಾನೂ ಹೋಗಿದ್ದೆ. ಎರಡು ಹೊಳೆಯ ನೀರು ಒಂದಾಗುವ ಕಡೆ ಕಲ್ಲಿನ ಮೇಲೆ ಪಿಂಡ ಇಟ್ಟು ಕೈಮುಗಿದು ನಿಂತ. ಕಾಗೆಗಳು ಅರಳಿ ಮರದಲ್ಲಿ ಸಾಲಾಗಿ ಕೂತಿದ್ದವು. ಒಂದೂ ಇಳಿಯಲಿಲ್ಲ. ಪಿಂಡ ಬಿಸಿಲಿಗೆ ಬಿರುಕು ಬಿಟ್ಟಿತು. ಪೂಜೆ ಮಾಡಿಸಿದವರು "ದರ್ಭೆಯ ಕಾಗೆ ಮಾಡಿ ಮುಟ್ಟಿಸಿದರೂ ಆಗುತ್ತದೆ" ಎಂದು ಮುಟ್ಟಿಸಿ ಕಳಿಸಿದರು. ಜಟ್ಟಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲ.

ವಾಪಸು ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ಅವನು ಬಾಯಿ ಬಿಟ್ಟ. ಕೋಣೆ, ಚೆನ್, ಎಡೆ, ಹೊಸಿಲ ಮೇಲೆ ಆಡಿದ ಮಾತು, ಎಲ್ಲ. ಕೊನೆಗೆ ನನ್ನ ಕೈ ಹಿಡಿದುಕೊಂಡ. "ಹೊನ್ನಣ್ಣ, ಪಿಂಡ ಇಡುವಾಗ ಅವ್ವನ್ನ ನೆನೆಸ್ಕೋ ಅಂದ್ರಲ್ಲ. ನನಗೆ ಫೋಟೋದ ಆಯಮ್ಮನ ಮುಖ ಬಂತು. ಅವ್ವನ ಮುಖಾನೇ ಇಲ್ಲ ನನ್ನ ಹತ್ರ. ಮುಖ ಇಲ್ಲದೋಳನ್ನ ಕರೆದ್ರೆ ಅವಳು ಹೆಂಗೆ ಬರ್ತಾಳೆ?"

ನನಗೆ ಹಾಲಮ್ಮನ ಮುಖ ಚೆನ್ನಾಗಿ ನೆನಪಿದೆ. ಅಗಲ ಹಣೆ, ಎಲೆಯಡಿಕೆಯ ಕೆಂಪು ತುಟಿ, ಗದ್ದದ ಮೇಲೊಂದು ಹಚ್ಚೆಯ ಚುಕ್ಕೆ. ಎಲ್ಲ ಬಿಡಿಸಿ ಹೇಳಿದೆ. ಅವನು ಒಂದೊಂದಕ್ಕೂ ತಲೆಯಾಡಿಸಿದ. "ಹೌದು, ಇತ್ತು. ಗೊತ್ತು. ಕಾಣಲ್ಲ" ಎಂದ. ಬಸ್ಸು ಶಿವಮೊಗ್ಗಕ್ಕೆ ಬಂದಾಗ ಸೇತುವೆಯ ಕೆಳಗೆ ತುಂಗೆ ಕಂಡಳು. ಅವನು ಕಣ್ಣು ಮುಚ್ಚಿಕೊಂಡ.

ಆಮೇಲೆ ಅವನು ಸೊರಗುತ್ತ ಬಂದ. ಸಾರಿಗೆ ಉಪ್ಪು ಎರಡು ಸಲ ಹಾಕುತ್ತಿದ್ದ, ಇಲ್ಲವೇ ಮರೆಯುತ್ತಿದ್ದ. ತಳ್ಳುಗಾಡಿ ವಾರಗಟ್ಟಲೆ ಗೋಡೆಗೆ ಒರಗಿಕೊಂಡು ನಿಂತಿತು. ಉಂಡರೆ ಮೈಗೆ ಹತ್ತಲಿಲ್ಲ. "ಅವ್ವ ಉಣ್ಣದೆ ನಾನು ಉಣ್ಣೋದು ಹೆಂಗೆ" ಎಂದು ತಟ್ಟೆ ಸರಿಸುತ್ತಿದ್ದನೆಂದು ಚಿನ್ನಮ್ಮ ಕಣ್ಣೀರು ಹಾಕಿದಳು. ಇನ್ನೊಂದು ವರ್ಷ ಕಾಗೆ ಮುಟ್ಟದಿದ್ದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೂ ಅನ್ನಿಸಿತು.

ಎರಡು ಸಾವಿರದ ಒಂಬತ್ತರ ಮಹಾಲಯಕ್ಕೆ ಹೂವಮ್ಮ ಬೆಳಗಿನ ಬಸ್ಸಿಗೇ ಬಂದಳು. ತಮ್ಮನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಕೋಟಿನಂತೆ ನೇತಾಡುತ್ತಿದ್ದ ಅಂಗಿಯನ್ನು ಹಿಡಿದೆಳೆದು "ಏನಾಗಿದೆಯೋ ನಿಂಗೆ?" ಎಂದಳು. ಈ ಸಲ ದನಿಯಲ್ಲಿ ಮುಳ್ಳಿರಲಿಲ್ಲ. ಜಟ್ಟಪ್ಪ ನನ್ನ ಕಡೆ ನೋಡಿದ. "ಹೇಳೋ, ನಿಮ್ಮಕ್ಕ ತಾನೆ" ಎಂದೆ. ಹೇಳಿದ. ಅಡುಗೆಮನೆಯಿಂದ ಚಿನ್ನಮ್ಮನೂ ಬಂದು ಕೇಳಿದಳು. ಅವಳ ಕೈಯಲ್ಲಿದ್ದ ಕೆಸುವಿನೆಲೆ ಹಾಗೇ ಬಾಡಿತು.

ಮೊದಲು ಸಿಡಿದವಳು ಅವಳೇ. "ಎರಡು ವರ್ಷದಿಂದ ನನ್ನ ಮನೆ ಹೊಸಿಲಲ್ಲಿ ನಿಂತಿರೋದು ಯಾವುದೋ ದೇಶದ ದೆವ್ವ ಅಂತ ಈಗ ಹೇಳ್ತಿದ್ದೀರಲ್ಲ! ನಾನು ಇನ್ನೇನು ಹುಚ್ಚಿ ಆಗ್ತೀನೇನೋ ಅಂದ್ಕೊಂಡಿದ್ದೆ. ಮಂತ್ರವಾದಿನ ಕರ್ಸಿ, ಕಟ್ಟು ಹಾಕ್ಸಿ ಓಡಿಸ್ರಿ ಮೊದ್ಲು."

ಹೂವಮ್ಮ ಗೋಡೆಗೆ ಒರಗಿ ಕೂತು ಎಲೆಯಡಿಕೆ ಚೀಲ ಬಿಚ್ಚಿದಳು. ಒಂದು ಎಲೆಗೆ ಸುಣ್ಣ ಸವರಿದಳು.

"ಓಡಿಸೋದು ಹೆಂಗೆ ಚಿನ್ನಿ? ಬಾ ಅಂತ ಕರೆದವನು ನಿನ್ನ ಗಂಡ" ಎಂದಳು. "ಕರೆದಿದ್ದಕ್ಕೆ ಬಂದವ್ಳೆ. ಅಷ್ಟು ದೂರದಿಂದ, ಹಲ್ಲಿಲ್ಲದ ಮುದುಕಿ, ಹೆಂಗ್ ಬಂದಳೋ ಏನೋ. ಬಂದು ಎರಡು ವರ್ಷದಿಂದ ಹೊಸಿಲಲ್ಲಿ ನಿಂತವ್ಳೆ. ಒಳಗೆ ಬಾ ಅಂತ ಒಬ್ರೂ ಅಂದಿಲ್ಲ. ಕೂರು ಅಂದಿಲ್ಲ. ಒಂದು ಲೋಟ ನೀರಿಲ್ಲ." ಎಲೆ ಬಾಯಿಗಿಟ್ಟುಕೊಂಡು ತಮ್ಮನ ಕಡೆ ತಿರುಗಿದಳು. "ಲೋ ಜಟ್ಟ. ಬಂದವರನ್ನ ಬಾಗಿಲಲ್ಲಿ ನಿಲ್ಲಿಸಿ ನಮ್ಮವ್ವ ಯಾವತ್ತಾದ್ರೂ ಉಂಡಿದ್ದು ನೋಡಿದ್ದೀಯೇನೋ?"

ಅದು ಈ ಬೀದಿಗೆಲ್ಲ ಗೊತ್ತಿರುವ ಸಂಗತಿ. ಹಾಲಮ್ಮ ಬಳೆಗಾರ ಬಂದರೂ ಅವನಿಗಿಟ್ಟು ಆಮೇಲೆ ಉಣ್ಣುವವಳು. ಒಮ್ಮೆ ಕರೆಂಟಿನ ಬಿಲ್ಲು ಕೊಡಲು ಬಂದವನು ಊಟ ಬೇಡ ಎಂದದ್ದಕ್ಕೆ, ಅವನು ಬೀದಿಯ ಕೊನೆ ದಾಟುವವರೆಗೂ ತಟ್ಟೆಗೆ ಕೈ ಹಾಕದೆ ಕೂತಿದ್ದಳು.

"ಅವ್ವ ಬಂದಿಲ್ಲ ಅಂತ ಯಾರು ಹೇಳಿದ್ದು?" ಹೂವಮ್ಮ ಅಂದಳು. "ಬಂದವ್ಳೆ. ಪ್ರತಿ ವರ್ಷ ಬಂದವ್ಳೆ. ಹೊಸಿಲಲ್ಲಿ ಹಸಿದ ಹೆಂಗಸು ನಿಂತಿರೋವಾಗ ಅವಳು ಹೆಂಗೆ ಉಣ್ತಾಳೆ? ಉಣ್ಣದೆ ಎದ್ದು ಹೋಗವ್ಳೆ. ಕಾಗೆ ಏನ್ ಮಾಡುತ್ತೆ ಪಾಪ."

ಚಿನ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಜಾತಿ ಗೊತ್ತಿಲ್ಲ, ಹೆಸರು ಗೊತ್ತಿಲ್ಲ..." ಎಂದು ಶುರುಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ ಗಂಡನನ್ನು ಕೇಳಿದಳು. "ಏನ್ ತಿಂತಾಳ್ರೀ ಆಯಮ್ಮ?"

ಮೆತ್ತಗೆ ಬೇಯಿಸಿದ ಅನ್ನ. ಹಾಲು ಹಾಕದ ಟೀ. ಕಿತ್ತಳೆ ಹಣ್ಣು. ಅಮಾವಾಸ್ಯೆಯ ದಿನ ಭದ್ರಾವತಿಯಲ್ಲೆಲ್ಲ ಹುಡುಕಿ ನಾನು ಬಸ್‌ಸ್ಟ್ಯಾಂಡಿನ ಹಣ್ಣಿನಂಗಡಿಯಿಂದ ಎರಡು ಸೊರಗಿದ ಕಿತ್ತಳೆ ತಂದೆ. ಜಟ್ಟಪ್ಪ ತಾನೇ ಒಲೆಯ ಮುಂದೆ ನಿಂತ. ಉಪ್ಪಿನ ಕೈ ಆವತ್ತು ತಪ್ಪಲಿಲ್ಲ. ಹಿಡಿಕಡ್ಡಿ ಪೊರಕೆಯಿಂದ ಎರಡು ಕಡ್ಡಿ ಕಿತ್ತು, ತೊಳೆದು, ನಯ ಮಾಡಿ ಅನ್ನದಲ್ಲಿ ನೆಟ್ಟಗೆ ಸಿಕ್ಕಿಸಿದ. ಹಾಲಮ್ಮನ ಎಲೆಯ ಎದುರಿಗೆ ಆ ಬಟ್ಟಲಿಟ್ಟರು. ಹೂವಮ್ಮ ಬಾಗಿಲನ್ನು ಪೂರಾ ತೆರೆದು, ಬೀದಿಯ ನೆಂಟರನ್ನು ಕರೆಯುವ ದನಿಯಲ್ಲೇ ಕರೆದಳು. "ಒಳಗೆ ಬಾರಮ್ಮ. ತಡವಾಯ್ತು, ಬೇಜಾರು ಮಾಡ್ಕೋಬೇಡ. ಕಾಲಿಗೆ ನೀರು ಇಲ್ಲಿಟ್ಟಿದ್ದೀನಿ."

ಗಾಳಿಯಿರಲಿಲ್ಲ. ಆದರೂ ಲೋಬಾನದ ಹೊಗೆ ಬಾಗಿಲ ಕಡೆಯಿಂದ ಒಳಗೆ ಬಗ್ಗಿತು. ನಾನು ನೋಡಿದ್ದನ್ನು ಹೇಳುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಚಿನ್ನಮ್ಮ ನನ್ನ ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದೆವು.

ಮಾಡಿನ ಮೇಲೂ ಎರಡು ಎಲೆ ಇಟ್ಟಿದ್ದರು. ಬಿಸಿಲು ಏರಿತು. ಒಂದು ಕಾಗೆ ನಮ್ಮ ತೆಂಗಿನ ಮರದಿಂದ ಇಳಿಯಿತು. ಕತ್ತು ಓರೆ ಮಾಡಿ ಬಾಗಿಲ ಕಡೆ ನೋಡಿತು. ಕಾಗೆ ಕುಪ್ಪಳಿಸಿ ಆ ಪರದೇಶದ ಎಲೆಗೆ ಹೋಗಿ ಕಿತ್ತಳೆಯ ತೊಳೆಯೊಂದನ್ನು ಎಳೆಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಹಾಲಮ್ಮನ ಎಲೆಗೆ ಬಂದು ಕಡುಬಿಗೆ ಕೊಕ್ಕು ಹಾಕಿತು.

ಹೂವಮ್ಮ "ಅವ್ವಾ" ಎಂದು ಕೂಗಿ ಅಲ್ಲೇ ಕುಸಿದು ಕೂತು ಅತ್ತಳು. ಚಿನ್ನಮ್ಮ ಅಳುತ್ತಲೇ ಎಲೆ ಹಾಕಲು ಒಳಗೆ ಓಡಿದಳು. ಜಟ್ಟಪ್ಪ ಅಳಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತೇ ಇದ್ದ.

ಆ ಮಧ್ಯಾಹ್ನ ಅವನು ಹೊಟ್ಟೆ ತುಂಬ ಉಂಡ. ಕೈ ತೊಳೆದು ಬಂದು ಗೋಡೆಯ ಹತ್ತಿರ ನಿಂತಾಗ ನಾನು ಮೆಲ್ಲಗೆ ಕೇಳಿದೆ. "ಮುಖ ಬಂತೇನೋ?"

"ಬಂದಳು ಹೊನ್ನಣ್ಣ. ಅವ್ವ ಬಂದಳು" ಎಂದ. "ಕಣ್ಣು ಮುಚ್ಚಿದಾಗ ಬೆನ್ನು ಕಾಣ್ತಿತ್ತು. ಬಗ್ಗಿ ಬಡಿಸ್ತಾ ಇದ್ದಳು. ತುರುಬು, ಬಳೆ, ಆ ಹಸಿರು ಸೀರೆ, ಎಲ್ಲಾ ಅವಳದೇ. ಎದುರಿಗೆ ಆಯಮ್ಮ ಕೂತು ಉಣ್ತಾ ಇದ್ದಳು. ಅವಳ ಮುಖ ಪೂರಾ ಕಾಣ್ತಿತ್ತು. ಅವ್ವ ಮಾತ್ರ ಈ ಕಡೆ ತಿರುಗಲಿಲ್ಲ."

ಗೋಡೆಯ ಆಚೆಯಿಂದ ಒಣಸಿಪ್ಪೆಯ ವಾಸನೆ ಬರುತ್ತಿತ್ತು. ಅವನ ಹೆಂಡತಿ ಎಲೆ ಎತ್ತುತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

"ತಿರುಗ್ತಾಳೆ ಬಿಡು" ಎಂದೆ.

"ತಿರುಗ್ತಾಳೆ" ಎಂದ ಜಟ್ಟಪ್ಪ. "ಬಡಿಸೋದು ಮುಗಿದ ಮೇಲೆ ತಿರುಗ್ತಾಳೆ. ಆಯಮ್ಮಂಗೆ ಹಲ್ಲಿಲ್ಲ ಅಲ್ವ ಹೊನ್ನಣ್ಣ. ಉಣ್ಣೋದು ನಿಧಾನ."